ಗಂಜಿಗೆ ಬಂದವರು

ಬಿ.ಇ. ಎರಡನೇ ವರ್ಷದಲ್ಲಿದ್ದಾಗ ಹುಬ್ಬಳ್ಳಿಯ ರೂಮಿನಲ್ಲಿ ಒಂದು ರಾತ್ರಿ ನಾನು ನನ್ನ ರೂಮ್‌ಮೇಟಿಗೆ ಆಡಬಾರದ ಮಾತು ಆಡಿದೆ. ಅವನು ಬೆಟಗೇರಿಯವನು, ಬಾಸೆಲ್ ಮಿಷನ್ ಸಭೆಯ ಮನೆತನ. ಏನೋ ಮಾತಿಗೆ ಮಾತು ಬೆಳೆದು, "ನಿಮ್ಮ ಮಂದಿ ಗಂಜಿ ಸಲುವಾಗಿ ಕ್ರಿಶ್ಚನ್ ಆದವ್ರಲೇ" ಅಂದುಬಿಟ್ಟೆ. ಅವನು ಸಿಟ್ಟಿಗೇಳಲಿಲ್ಲ. ಅರಿವೆ ಮಡಚುತ್ತಿದ್ದವನು ತಲೆ ಎತ್ತದೇ ಹೇಳಿದ: "ಹೌದಲೇ, ಗಂಜಿಗೇ ಬಂದ್ರು. ನಮ್ಮಜ್ಜಿಯ ಅಜ್ಜಗ ಆವಾಗ ಆರು ವರ್ಷ. ಆರು ವರ್ಷದ ಹುಡುಗ ಗಂಜಿ ಬಿಟ್ಟು ಮತ್ತೇನ್ ಕೇಳಬೇಕಿತ್ತು?"

ನನಗೆ ಉತ್ತರ ಹೊಳೆಯಲಿಲ್ಲ. ಲೈಟ್ ಆರಿಸಿ ಮಲಗಿದೆವು. ಆ ಮಾತು ಮಾತ್ರ ಹೋಗಲಿಲ್ಲ. ಮುಂದೆ ಬೆಂಗಳೂರಿನಲ್ಲಿ ನೌಕರಿ ಹಿಡಿದ ಮೇಲೆ, ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುತ್ತಾ ಕೂತಾಗ, ಧಾರವಾಡ ಜಿಲ್ಲೆಯ ಹಳೆಯ ಗ್ಯಾಝೆಟಿಯರು, ಮಿಷನ್ನಿನ ಇತಿಹಾಸ ಇಂಥವನ್ನೆಲ್ಲ ಓದುವ ಚಟ ಹತ್ತಿತು. ಇದು ಆ ಚಟದ ಫಲ, ಮತ್ತು ಸ್ವಲ್ಪ ಮಟ್ಟಿಗೆ ಹಳೇ ಸಾಲ ತೀರಿಸುವ ಪ್ರಯತ್ನ.

ಅವನ ಅಜ್ಜಿಯ ಅಜ್ಜ ಆರು ವರ್ಷದವನಿದ್ದಾಗ ಬಿದ್ದದ್ದು 1876–78ರ ಬರ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದಿದ್ದರಿಂದ ಕನ್ನಡ ನಾಡಿನಲ್ಲಿ ಅದು ಧಾತು-ಈಶ್ವರ ಬರ ಅಂತಲೇ ನೆನಪಿನಲ್ಲಿ ಉಳಿದಿದೆ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಹಿಡಿಯಲಿಲ್ಲ. ಧಾರವಾಡ ಜಿಲ್ಲೆಯ ಪೂರ್ವದ ಕರಿಮಣ್ಣಿನ ಸೀಮೆ, ಅಂದರೆ ಗದಗ, ರೋಣ, ನವಲಗುಂದ, ಹೆಚ್ಚು ಬೆಂದಿತು. ನಮ್ಮ ಬಮ್ಮಿಗಟ್ಟಿ ಇರುವ ಕಲಘಟಗಿ ಭಾಗ ಅರೆಮಲೆನಾಡು. ಕಾಡು ಹತ್ತಿರ, ಕೆರೆಗಳು ಬೇರೆ. ಇಲ್ಲಿ ಏಟು ಅಷ್ಟು ಜೋರಾಗಿರಲಿಲ್ಲ. "ಬಯಲಸೀಮಿ ಮಂದಿ ದನ ಹೊಡಕೊಂಡು ಈ ಕಡೆ ಬಂದಿದ್ರಂತ, ದನ ಉಳದ್ವು, ಮಂದಿ ಉಳೀಲಿಲ್ಲ" ಅಂತ ನಮ್ಮ ಅಜ್ಜ ತಾನು ಕೇಳಿದ್ದನ್ನು ಹೇಳುತ್ತಿದ್ದ. ದನ ಹೇಗೆ ಉಳಿದವು ಅಂತ ನಾನು ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅಜ್ಜ ಇಲ್ಲ.

ಬರ ಅಂದರೆ ಬರೀ ಮಳೆ ಇಲ್ಲದ್ದಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ನಮ್ಮ ಅರಳೆಗೆ ಬಂಗಾರದ ಬೆಲೆ ಬಂದಿತ್ತು. ಜೋಳದ ಹೊಲ ಎಷ್ಟೋ ಅರಳೆಯ ಹೊಲವಾದವು. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು, ಸಾಲ ಉಳಿಯಿತು. ಬರ ಬಂದಾಗ ಮೊದಲು ಸತ್ತದ್ದು ನೇಕಾರರ ದುಡಿಮೆ. ಹೊಟ್ಟೆಗಿಲ್ಲದಾಗ ಸೀರೆ ಕೊಳ್ಳುವವರು ಯಾರು? 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರುವ ದರ್ಬಾರು ನಡೆದಿತ್ತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ಇಳಿಸಿದ. ದಿನವಿಡೀ ಕಲ್ಲು ಒಡೆದ ಗಂಡಾಳಿಗೆ ಹೆಚ್ಚುಕಡಿಮೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು. ಅರ್ಧ ಕೆ.ಜಿ.ಗಿಂತ ಕಮ್ಮಿ. ಮುಂಬಯಿ ಇಲಾಖೆಯಲ್ಲಿ ಕೂಲಿಗಳು ಕೆಲಸ ಬಿಟ್ಟು ಎದ್ದು ಹೋದರು, ಪುಣೆಯ ಸಾರ್ವಜನಿಕ ಸಭೆ ಪ್ರತಿಭಟಿಸಿತು. ಬರದ ಹಿಂದೆ ಕಾಲರಾ ಬಂತು, ಜ್ವರ ಬಂತು. ಇನ್ನೇನು ಮುಗಿಯಿತು ಅನ್ನುವಾಗ, 1878–79ರಲ್ಲಿ, ಬಂದ ಪೈರನ್ನೂ ಇಲಿಗಳ ಹಿಂಡು ತಿಂದಿತು. 1872ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು 9.9 ಲಕ್ಷ. 1881ರಲ್ಲಿ ಸುಮಾರು 8.8 ಲಕ್ಷ. ಬೆಳೆಯಬೇಕಾದ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು ಇಳಿದಿತ್ತು.

ಬಾಸೆಲ್ ಮಿಷನ್ನಿನವರು ಈ ಬರ ನೋಡಿ ಓಡಿ ಬಂದವರಲ್ಲ ಅನ್ನೋದನ್ನು ನಾನು ಆಮೇಲೆ ತಿಳಿದೆ. ಅವರ ಮೊದಲ ಮೂವರು 1834ರಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಹೋದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ಆಗ ಕೆಲವು ಕಾಲಜ್ಞಾನದ ಪಂಥದವರು ತಾವಾಗಿಯೇ ಇವರನ್ನು ಹುಡುಕಿಕೊಂಡು ಬಂದರು. ದೂರದಿಂದ ಗುರುಗಳು ಬರುತ್ತಾರೆ ಅಂತ ಅವರ ಗ್ರಂಥದಲ್ಲಿ ಇತ್ತಂತೆ. ಪೇಶ್ವೆ ಹೋಗಿ ಕಂಪನಿ ಬಂದು, ಕಿತ್ತೂರು ಬಿದ್ದು, ಯಾವುದೂ ನಿಲ್ಲುವ ಭರವಸೆ ಇಲ್ಲದ ಕಾಲ. ಜನ ಭವಿಷ್ಯ ಹುಡುಕುತ್ತಿದ್ದರು. ಮಿಷನರಿಗಳು ಇಡೀ ಪಂಥವೇ ಬಂತು ಅಂತ ಹಿಗ್ಗಿ ಗದಗದ ಹತ್ತಿರ ಮಾಳಸಮುದ್ರದಲ್ಲಿ ಒಕ್ಕಲುತನದ ವಸಾಹತು ಕಟ್ಟಿದರು. ಅದು ನಡೆಯಲಿಲ್ಲ. ನಾಲ್ಕು ದಶಕ ಹೆಣಗಿದರೂ ನಮ್ಮ ಸೀಮೆಯಲ್ಲಿ ಸಭೆಗಳು ಸಣ್ಣವೇ. ದೀಕ್ಷಾಸ್ನಾನ ಸಿಗಲು ತಿಂಗಳುಗಟ್ಟಲೆ ಪಾಠ ಕಲಿಯಬೇಕು, ಜಾತಿ ಬಿಡಬೇಕು. ಜಾತಿ ಬಿಟ್ಟವನಿಗೆ ಬಂಧುಬಳಗ ಇಲ್ಲ, ಕೆಲಸ ಇಲ್ಲ. ಅಂಥವರ ದುಡಿಮೆಗೆ ದಾರಿ ಮಾಡಲೆಂದೇ ಮಿಷನ್ ನೇಯ್ಗೆ, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಇವೆಲ್ಲ ಶುರು ಮಾಡಿದ್ದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇವರುಗಳ ಬಗ್ಗೆ, ನಮ್ಮ ಜಂಗಮರ ಬಗ್ಗೆ ಆ ಕಾಲದ ಮಿಷನರಿಗಳು ಬರೆದದ್ದನ್ನು ಓದಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಿಟ್ಟೆಲ್ ಅಂಥವರು ಬೇರೆ, ಎಲ್ಲರೂ ಕಿಟ್ಟೆಲ್ ಆಗಿರಲಿಲ್ಲ. ಆದರೆ ಬರದಲ್ಲಿ ಅನಾಥರಾದ ಮಕ್ಕಳನ್ನು ಕೂಡಿಹಾಕಿ ಸಾಕಿದವರಲ್ಲಿ ಅವರೂ ಇದ್ದರು. ಎರಡೂ ನಿಜ.

ಹಾಗಾದರೆ ಗಂಜಿಯೋ, ನಂಬಿಕೆಯೋ? ಈ ಪ್ರಶ್ನೆ ನನ್ನಂಥ ಹುಡುಗರು ರೂಮಿನಲ್ಲಿ ಕೂತು ಹುಟ್ಟಿಸಿದ್ದಲ್ಲ. ಮಿಷನರಿಗಳನ್ನೇ ಅದು ಕಾಡಿತ್ತು. ತೆಲುಗು ಸೀಮೆಯ ಒಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಜಾನ್ ಕ್ಲಫ್ ಇದೇ ಬರದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ತುಂಡಿನ ಗುತ್ತಿಗೆ ಹಿಡಿದು ಸಾವಿರಾರು ಜನಕ್ಕೆ ಕೂಲಿ ಕೊಟ್ಟ. ಕೂಲಿ ಕೊಡುವಷ್ಟು ದಿನ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಹೊಟ್ಟೆಗಾಗಿ ಬಂದರು ಅನ್ನಿಸಿಕೊಳ್ಳಬಾರದು ಅಂತ. ಸಹಾಯ ನಿಲ್ಲಿಸಿದ ಮೇಲೂ ಜನ ಬಿಡಲಿಲ್ಲ. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದರು. ಗಂಜಿ ಮುಗಿದ ಮೇಲೆ ಬಂದ ಈ ಜನಕ್ಕೆ ಏನು ಬೇಕಿತ್ತು? ನನಗೆ ಇದು ಪುಸ್ತಕದಿಂದ ತಿಳಿಯಲಿಲ್ಲ.

2020ರಲ್ಲಿ ಕೊರೊನಾ ಬಂದಾಗ ನಾನು ಲ್ಯಾಪ್‌ಟಾಪ್ ಹಿಡಕೊಂಡು ಊರಿಗೆ ಬಂದೆ. ಊರಲ್ಲಿ ಹಿರಿಯರು ಕೂಡಿ ವಾರ ಹಿಡಿದರು. ಆ ದಿನ ಯಾರೂ ಹೊಲಕ್ಕೆ ಹೋಗುವಂತಿಲ್ಲ, ಎತ್ತು ಹೂಡುವಂತಿಲ್ಲ, ದ್ಯಾಮವ್ವಗೆ ಉಡಿ ತುಂಬಬೇಕು. ನಾನು ಒಳಗೊಳಗೇ ನಕ್ಕೆ. 2021ರ ಮೇ ತಿಂಗಳು ಅಪ್ಪನ ಆಮ್ಲಜನಕ ಇಳಿಯಿತು. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಬಿಡುತ್ತಿರಲಿಲ್ಲ. ಹನ್ನೆರಡು ದಿನ ಹೊರಗೆ ಕಾರಿನಲ್ಲಿ ಕೂತಿದ್ದೆ. ಇಷ್ಟು ವರ್ಷ ಗ್ರಾಫು ನೋಡಿ ಯಾವ ಯಂತ್ರ ಬೀಳುತ್ತದೆ ಅಂತ ಹೇಳುವುದೇ ನನ್ನ ಕೆಲಸ. ಸಂಜೆಗೊಮ್ಮೆ ನರ್ಸ್ ಫೋನಿನಲ್ಲಿ ಹೇಳುವ ಅಂಕಿ, 88, 86, 81, ಅದು ಯಾವ ಕಡೆ ಹೊರಟಿದೆ ಅಂತ ನನಗೆ ಚೆನ್ನಾಗೇ ಗೊತ್ತಾಗುತ್ತಿತ್ತು.

ಹಳೇ ರೂಮ್‌ಮೇಟ್ ಸುದ್ದಿ ತಿಳಿದು ಫೋನ್ ಮಾಡಿದ. ಅಜ್ಜಿಯ ಕೈಗೆ ಕೊಟ್ಟ.

"ತಮ್ಮಾ, ಅಪ್ಪಾರ ಹೆಸರೇನು? ಹೆಸರಿಲ್ದ ಪ್ರಾರ್ಥನಾ ಹೆಂಗ್ ಮಾಡ್ಲಿ?"

ಹೇಳಿದೆ. ಅವರು ಸತ್ಯವೇದ ತೆಗೆದು ಓದಿದರು. 88ನೇ ಕೀರ್ತನೆ ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ನೂರೈವತ್ತು ಕೀರ್ತನೆಗಳಲ್ಲಿ ಗೋಳಿನವು ಬಹಳ ಇವೆ, ಆದರೆ ಹೆಚ್ಚಿನವು ಕೊನೆಗೆ ಭರವಸೆಯ ಕಡೆ ಹೊರಳುತ್ತವೆ. ಇದು ಹೊರಳುವುದಿಲ್ಲ. ಕತ್ತಲಲ್ಲೇ ಮುಗಿಯುತ್ತದೆ.

"ಇದ್ರಾಗ ಧೈರ್ಯ ಎಲ್ಲೈತಿ ಅಜ್ಜಿ?" ಅಂದೆ.

"ಧೈರ್ಯ ಇಲ್ಲೋ ತಮ್ಮಾ. ನಿನಗಿಂತ ಮೊದಲ ಒಬ್ಬ ಹಿಂಗ ಅತ್ತಾನ, ದೇವರ ಮುಂದ ಬೈದಾನ, ಅದನ್ನ ಯಾರೂ ಅಳಿಸಿಲ್ಲ. ನಾಳೆ ಕುರುಬಂದು ಓದ್ತೀನಿ."

ಕುರುಬಂದು ಅಂದರೆ 23ನೇ ಕೀರ್ತನೆ. ಕನ್ನಡಕ್ಕೆ ಬೈಬಲ್ ತಂದವರಲ್ಲಿ ಮೊದಲಿಗ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್. ಆಮೇಲೆ ಬಾಸೆಲ್ ಮಿಷನ್ನಿನವರು ತಿದ್ದಿದರು. ಚರ್ಚಿನಲ್ಲಿ ಈಗಲೂ ಓದುವ ಹಳೆಯ ಅನುವಾದದಲ್ಲಿ ದೇವರಿಗೆ ಇರುವ ಶಬ್ದ 'ಕುರುಬ'. ಬೇರೆ ಸಂಸ್ಕೃತ ಶಬ್ದ ಯಾವುದೂ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬಿಸಿ, ಕಂಬಳಿ ಹೊದ್ದು, ನಾಯಿ ಕಟ್ಟಿಕೊಂಡು ರಾತ್ರಿಯೆಲ್ಲ ಎಚ್ಚರ ಇರುವ ಮನುಷ್ಯನನ್ನು ಎಲ್ಲರೂ ನೋಡಿದ್ದಾರೆ. ಮರಿ ಎಣಿಸಿಯೇ ಮಲಗುತ್ತಾನೆ. ಕಾರಿನಲ್ಲಿ ಕೂತು ಅದನ್ನು ಕೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ಯೆಹೂದ್ಯರ ದೇಶವಲ್ಲ, ನಮ್ಮ ಕೆರೆಯ ಆಚೆಯ ಹೊಲ.

ಹದಿಮೂರನೇ ದಿನ ಅಪ್ಪ ತೀರಿಕೊಂಡರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು, ಐದೇ ಜನ. ವಿಭೂತಿ ಹಚ್ಚಲು ಬಿಡಲಿಲ್ಲ, ಅಯ್ಯನವರು ದೂರದಿಂದಲೇ ಮಂತ್ರ ಹೇಳಿದರು. ಇಷ್ಟಲಿಂಗ ಕಟ್ಟಿಕೊಂಡವನಿಗೆ ಆ ಹನ್ನೆರಡು ದಿನ ಇನ್ನೊಬ್ಬರ ಕೀರ್ತನೆಯೇ ಆಸರೆಯಾಗಿತ್ತು. ನಾನು ಧರ್ಮ ಬದಲಿಸಲಿಲ್ಲ. ಬದಲಿಸು ಅಂತ ಅಜ್ಜಿಯೂ ಒಮ್ಮೆಯೂ ಹೇಳಲಿಲ್ಲ. ಆದರೆ ಒಂಗೋಲಿನ ಹೊಳೆಗೆ ಇಳಿದವರ ಬಗ್ಗೆ ನನಗಿದ್ದ ಅನುಮಾನ ಹೋಯಿತು. ಲಕ್ಷ ಜನ ಹೆಸರಿಲ್ಲದೇ ಅಳಿದು, ಹೂಳುವವರೂ ಇಲ್ಲದ ವರ್ಷದಲ್ಲಿ, ಒಬ್ಬ ಮನುಷ್ಯ ನಿನ್ನ ಹೆಸರು ಕೇಳಿದರೆ ಅದೂ ಊಟವೇ.

ಇನ್ನೊಂದು ಸಂಗತಿಯನ್ನು ಗಂಜಿಯ ಮಾತಾಡುವವರು ಮರೆಯುತ್ತಾರೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ನರು ರಾತ್ರಿ ಬೆಳಗಾಗುವುದರೊಳಗೆ ಶತ್ರುಗಳಾದರು. ಅವರನ್ನು ಹಿಡಿದು ಅಹ್ಮದ್‌ನಗರದ ಶಿಬಿರಕ್ಕೆ ಒಯ್ದರು, ಆಮೇಲೆ ದೇಶಕ್ಕೆ ಕಳಿಸಿದರು. ಹಂಚಿನ, ನೇಯ್ಗೆಯ ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಗಂಜಿ ಕೊಟ್ಟವರು ಇಲ್ಲ, ಕೆಲಸ ಕೊಟ್ಟವರು ಇಲ್ಲ. ಅದರ ಬೆನ್ನಿಗೇ 1918ರ ಇನ್‌ಫ್ಲುಯೆಂಜಾ. ಬಿಟ್ಟುಹೋಗಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಸಭೆಗಳು ಉಳಿದವು. ಕನ್ನಡದ ಉಪದೇಶಕರು, ಮಾಸ್ತರರು ಮುಂದುವರಿಸಿದರು. ಧಾರವಾಡ ಇವತ್ತು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಪ್ರಾಂತ್ಯದ ಕೇಂದ್ರ.

ಹೋದ ವರ್ಷ ಬೆಟಗೇರಿಗೆ ಹೋಗಿದ್ದೆ. ಅಜ್ಜಿಗೆ ಕಿವಿ ಮಂದ ಆಗಿದೆ. ರೂಮಿನಲ್ಲಿ ನಾನಾಡಿದ ಮಾತನ್ನು ಮೊಮ್ಮಗ ಎಂದೋ ಹೇಳಿದ್ದನಂತೆ. ನಾನು ತಲೆ ತಗ್ಗಿಸಿ, ಅವರ ಅಜ್ಜನ ಬಗ್ಗೆ ಏನಾದರೂ ನೆನಪಿದೆಯಾ ಅಂತ ಕೇಳಿದೆ.

"ನೇಕಾರ್ರ ಹುಡುಗ ಅಂತ ಅಷ್ಟ ಗೊತ್ತಿತ್ತು ಅವ್ರಿಗೆ. ಅವ್ವನ ಹೆಸರೂ ನೆನಪಿರಲಿಲ್ಲ" ಅಂದರು. "ಸಾಯೋತನಕ ಗಂಜಿ ಮುಟ್ಟಲಿಲ್ಲ ನೋಡು. ಜ್ವರ ಬಂದ್ರೂ ಒಲ್ಲೆ ಅಂತಿದ್ರು, ರೊಟ್ಟಿ ಇಲ್ದಿದ್ರ ಹಂಗ ಮಲಗೋರು. ಆದಿತ್ಯವಾರ ಗುಡಿಗೆ ಹೋಗೂದು ಮಾತ್ರ ಒಮ್ಮಿನೂ ತಪ್ಪಸಲಿಲ್ಲ."

ಚರ್ಚಿಗೆ ಅವರು ಗುಡಿ ಅಂತಲೇ ಅಂದರು. ಆಮೇಲೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.