ಖಜಾನೆಯೊಳಗೆ ಏನಿದೆ?

ಮಾರ್ಚ್ ಕೊನೆಯ ವಾರ ಕಲಬುರಗಿಯ ಯಾವ ಸರ್ಕಾರಿ ಕಚೇರಿಗೆ ಹೋದರೂ ಕೇಳುವ ಮಾತು ಒಂದೇ: ‘ಬಿಲ್ ಖಜಾನಿಗಿ ಹೋಗ್ಯಾದೇನ್ರಿ?’ ಬೆಂಗಳೂರಿನಲ್ಲಿ ಬಜೆಟ್ ಓದಿಯಾಗಿರುತ್ತದೆ, ಧನವಿನಿಯೋಗ ವಿಧೇಯಕಕ್ಕೆ ಸದನ ಒಪ್ಪಿಯೂ ಇರುತ್ತದೆ. ಆದರೆ ಆಸ್ಪತ್ರೆಯ ಗುಮಾಸ್ತನಿಗೆ ಖಜಾನೆ ದಾಟಿದ್ದೇ ದುಡ್ಡು. ಅಲ್ಲಿಯವರೆಗೆ ಅದು ಬರೀ ಅನುದಾನ. ಮಾರ್ಚ್ 31 ಕಳೆದರೆ ಅದೂ ಇಲ್ಲ.

ಖಜಾನೆ ಅರಬ್ಬಿ ಮೂಲದ ಪದ. ಕೂಡಿಡು, ದಾಸ್ತಾನು ಮಾಡು ಎಂಬುದು ಅದರ ಧಾತುವಿನ ಅರ್ಥ. ಪಾರ್ಸಿಯ ಕೈಹಿಡಿದು ದಖನ್ನಿಗೆ ಬಂತು. 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು. ಆಮೇಲೆ ನಿಜಾಮರ ಕಾಲ ಮುಗಿಯುವ 1948ರವರೆಗೂ ಪಾರ್ಸಿ, ಉರ್ದುಗಳ ದಫ್ತರಿನ ಮಾತು ಈ ನೆಲದಲ್ಲಿ ಬೇರುಬಿಟ್ಟಿತು. ಹಾಗೆಂದು ಕನ್ನಡಕ್ಕೆ ಪದದ ಬರವೇನೂ ಇರಲಿಲ್ಲ. ಕಮಲಾಪುರ, ಹುಮನಾಬಾದ್ ದಾರಿ ಹಿಡಿದರೆ ಸಿಗುವ ಕಲ್ಯಾಣದಲ್ಲಿ ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದವನು. ಬೊಕ್ಕಸವೂ ಇತ್ತು. ಮೂರೂ ಉಳಿದವು, ಕೆಲಸ ಹಂಚಿಕೊಂಡವು. ಭಂಡಾರ ಜ್ಞಾನದ ಕಡೆ ಹೋಯಿತು. ನಮ್ಮ ಸೀಮೆಯ ಜಾತ್ರೆಗಳಲ್ಲಿ ಎರಚುವ ಅರಿಶಿನವೂ ಭಂಡಾರವೇ. ಬೊಕ್ಕಸ ಪತ್ರಿಕೆಯ ತಲೆಬರಹಕ್ಕೆ ಸೇರಿತು. ನಷ್ಟವಾಗುವುದು ಯಾವಾಗಲೂ ಬೊಕ್ಕಸಕ್ಕೆ, ಬಿಲ್ ಸಿಕ್ಕಿಕೊಳ್ಳುವುದು ಯಾವಾಗಲೂ ಖಜಾನೆಯಲ್ಲಿ! ಸಂಸ್ಕೃತದ ಒಲವಿದ್ದ ಮೈಸೂರು ಕಡೆಯೂ ಬೋರ್ಡಿನ ಮೇಲೆ ಗೆದ್ದದ್ದು ಖಜಾನೆಯೇ; ಬೆಂಗಳೂರಿನಲ್ಲಿ ಇವತ್ತಿಗೂ ರಾಜ್ಯ ಹುಜೂರ್ ಖಜಾನೆ ಇದೆ. ತುರ್ಕಿಯ ‘ಚಿ’ ಅಂಟಿಸಿಕೊಂಡ ಖಜಾಂಚಿಯಂತೂ ಪ್ರತಿ ಯುವಕ ಸಂಘದಲ್ಲೂ ಒಬ್ಬ ಇದ್ದಾನೆ. ಇದೇ ಧಾತುವಿನ ‘ಮಖ್ಜನ್’ ಯುರೋಪಿಗೆ ಹೋಗಿ ಮದ್ದುಗುಂಡಿನ ಉಗ್ರಾಣವಾಗಿ, 1731ರ ಹೊತ್ತಿಗೆ ಲಂಡನ್ನಿನಲ್ಲಿ ಓದುವ ಮ್ಯಾಗಜಿನ್ ಆಯಿತು.

ಈಗ ಖಜಾನೆಯೆಂದರೆ ‘ಖಜಾನೆ-2’, ಒಂದು ತಂತ್ರಾಂಶ. ಅದರೊಳಗೆ ರೂಪಾಯಿಗೆ ಮುಂಚೆ ಲೆಕ್ಕಶೀರ್ಷಿಕೆ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ 2210, ಕುಟುಂಬ ಕಲ್ಯಾಣ 2211, ಸಾಮಾಜಿಕ ಭದ್ರತೆ 2235, ಪೌಷ್ಟಿಕಾಹಾರ 2236. ಔಷಧಕ್ಕೆಂದು ಬಂದದ್ದನ್ನು ತಪ್ಪು ಶೀರ್ಷಿಕೆಯಲ್ಲಿ ಬರೆದರೆ ಆಕ್ಷೇಪಣೆ ಬಿದ್ದು ಬಿಲ್ ಹಿಂದಿರುಗುತ್ತದೆ. ಕಮಲಾಪುರವನ್ನು ತಾಲೂಕು ಮಾಡಿದ್ದೂ ಬಜೆಟ್ಟೇ: 2017-18ರ ಭಾಷಣದ 49 ಹೊಸ ತಾಲೂಕುಗಳಲ್ಲಿ ಅದೂ ಒಂದು. ಹೆಸರು ಭಾಷಣದಲ್ಲಿ ಬಂದಷ್ಟು ಬೇಗ ಆಸ್ಪತ್ರೆಯ ಹುದ್ದೆ, ಹಾಸಿಗೆಗಳು ಬರುವುದಿಲ್ಲ. ಒಂದೊಂದಕ್ಕೂ ಮಂಜೂರಾತಿ ಬೇಕು, ಶೀರ್ಷಿಕೆ ಬೇಕು, ಬಿಡುಗಡೆ ಬೇಕು.

ಕೂಡಿಡುವುದೆಂಬ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಖಜಾನೆಯ ಭದ್ರತಾ ಕೊಠಡಿಗೆ ಈಗಲೂ ಜೋಡಿ ಬೀಗ, ಎರಡು ಕೈಯಲ್ಲಿ ಎರಡು ಕೀಲಿ, ಬಾಗಿಲಲ್ಲಿ ಪೊಲೀಸ್ ಕಾವಲು. ನೋಟಿನ ಕಂತೆಗಿಂತ ಹೆಚ್ಚು ಎಚ್ಚರದಿಂದ ಅಲ್ಲಿ ಕಾಯುವುದು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಬಂಡಲುಗಳನ್ನು. ದುಡ್ಡು ಮಾತ್ರ ಒಳಗಿರದೆ ತೆರೆಯ ಮೇಲಿನ ಅಂಕಿಯಾಗಿ ಹಾದುಹೋಗುತ್ತದೆ.

ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯೂ ಹೀಗೆಯೇ ಹಾದು ಬರುವುದು. ಅದಕ್ಕಾಗಿ ಬ್ಯಾಂಕಿನ ಮುಂದೆ ಕೂತ ಕಮಲಾಪುರದ ಮುದುಕಿಯರ ಬಾಯಲ್ಲಿ ಖಜಾನೆಯೂ ಇಲ್ಲ, ಪಿಂಚಣಿಯೂ ಇಲ್ಲ. ಅವರು ಕೇಳುವುದು ‘ಪಗಾರ ಬಂತೇನ?’ ಎಂದು. ಪಗಾರ ಪೋರ್ಚುಗೀಸರ ಪದ, ಕೊಡುವುದು ಎಂದೇ ಅದರ ಅರ್ಥ.