ಸಮನ್ಸಿಗೆ ಮೊದಲು ಒಂದು ಮಾತು

ಕಲ್ಲಡ್ಕದ ಅಂಗಡಿಯವರೊಬ್ಬರ ಮೇಲೆ ಯಾರೋ ಬಂಟ್ವಾಳದ ಮ್ಯಾಜಿಸ್ಟ್ರೇಟರಲ್ಲಿ ಮಾನಹಾನಿಯ ಖಾಸಗಿ ದೂರು ಕೊಟ್ಟರೆಂದು ಇಟ್ಟುಕೊಳ್ಳಿ. ಸಮನ್ಸ್ ಬಂದರೆ ವಕೀಲರನ್ನು ಹಿಡಿಯಬೇಕು, ವಾಯಿದೆ ಬಂದಾಗಲೆಲ್ಲ ಅಂಗಡಿ ಮುಚ್ಚಬೇಕು. ಅದಕ್ಕೆ ಮೊದಲೇ ಅವರ ಮಾತನ್ನೂ ಕೇಳಬಾರದೇ?

1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅಂಥ ಹಕ್ಕಿರಲಿಲ್ಲ. 1973ರ ಸಂಹಿತೆಯಲ್ಲೂ ಇರಲಿಲ್ಲ. ಮ್ಯಾಜಿಸ್ಟ್ರೇಟರು ದೂರುದಾರರನ್ನೂ ಅವರ ಸಾಕ್ಷಿಗಳನ್ನೂ ಮಾತ್ರ ವಿಚಾರಿಸುತ್ತಿದ್ದರು. 1976ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ನಾಗವ್ವ ಪ್ರಕರಣದಲ್ಲಿ, ಈ ಹಂತದಲ್ಲಿ ಆರೋಪಿಗೆ ವಾದಿಸುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಅಲ್ಲಿ ತೀರ್ಮಾನವಾಗುವುದು ತಪ್ಪಿತಸ್ಥರು ಯಾರೆಂಬುದಲ್ಲ, ಮೊಕದ್ದಮೆ ಮುಂದುವರಿಸಲು ಆಧಾರವಿದೆಯೇ ಎಂಬುದಷ್ಟೇ. ಇದು ಅದಕ್ಕಿದ್ದ ಕಾರಣ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮು ಇದನ್ನು ಬದಲಿಸಿತು. ಆರೋಪಿಗೆ ಮಾತಾಡಲು ಅವಕಾಶ ಕೊಡದೆ ಮ್ಯಾಜಿಸ್ಟ್ರೇಟರು ಇಂಥ ದೂರನ್ನು ವಿಚಾರಣೆಗೆ ಅಂಗೀಕರಿಸುವಂತಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಒಂದು ಮಾನಹಾನಿ ಪ್ರಕರಣದಲ್ಲಿ ಇದರ ಕ್ರಮವನ್ನು ಬಿಡಿಸಿ ಹೇಳಿತು: ಮೊದಲು ದೂರುದಾರರ ಮತ್ತು ಸಾಕ್ಷಿಗಳ ಪ್ರಮಾಣ ಹೇಳಿಕೆ, ಅನಂತರ ಆರೋಪಿಗೆ ನೋಟಿಸು, ಜೊತೆಗೆ ದೂರಿನ ಹಾಗೂ ಹೇಳಿಕೆಗಳ ಪ್ರತಿ, ಆರೋಪಿಯ ಮಾತು ಕೇಳಿದ ಮೇಲೆ ನಿರ್ಧಾರ.

ಪೊಲೀಸರ ವರದಿಯಿಂದ ಆರಂಭವಾಗುವ ಮೊಕದ್ದಮೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲ, ನೆನಪಿಡಿ. ಇಂಥ ನೋಟಿಸು ಮನೆಗೆ ಬಂದರೆ ಹೆದರಿ ಬಚ್ಚಿಡಬೇಡಿ, ವಕೀಲರಿಗೆ ತೋರಿಸಿ. ಹೇಳಿದ ದಿನ ಹೋಗದಿದ್ದರೆ ಕಾನೂನು ಕೊಟ್ಟ ಅವಕಾಶ ಕೈತಪ್ಪೀತು.