ಪ್ರಿನ್ಸ್‌ಟನ್ ವಿದ್ಯಾಪೀಠದ ಮೃತ ವಿದ್ಯಾರ್ಥಿಗಳ ಸ್ಮಾರಕಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನ್ಯೂ ಜೆರ್ಸಿ ಎಂಬುದು ಒಂದು ಸಣ್ಣ ಸಂಸ್ಥಾನ. ಅಲ್ಲಿನ ಪ್ರಿನ್ಸ್‌ಟನ್ ಊರಿನ ವಿಶ್ವವಿದ್ಯಾನಿಲಯವು ಕೀರ್ತಿಯಲ್ಲಿ ಹಿರಿದಾದರೂ ವಿಸ್ತಾರದಲ್ಲಿ ಚಿಕ್ಕದೇ ಸರಿ. ನ್ಯಾಯಶಾಸ್ತ್ರಕ್ಕಾಗಲಿ ವೈದ್ಯಕ್ಕಾಗಲಿ ಪ್ರತ್ಯೇಕವಾದ ಶಾಲೆಯು ಇಂದಿಗೂ ಅದರಲ್ಲಿಲ್ಲ. 1746ರಲ್ಲಿ ನ್ಯೂ ಜೆರ್ಸಿ ಕಾಲೇಜೆಂಬ ಹೆಸರಿನಿಂದ ಹುಟ್ಟಿ, 1756ರಲ್ಲಿ ಪ್ರಿನ್ಸ್‌ಟನ್ನಿಗೆ ಬಂದು ನೆಲೆಸಿದ ಈ ವಿದ್ಯಾಪೀಠವು, ನೂರೈವತ್ತು ವರ್ಷ ತುಂಬಿದ 1896ರಲ್ಲಿ ವಿಶ್ವವಿದ್ಯಾನಿಲಯವೆಂಬ ಹೆಸರನ್ನು ತಳೆಯಿತು. ಊರಿಗೆ ಬಂದ ವರ್ಷದಲ್ಲಿಯೇ ಅದಕ್ಕಾಗಿ ಎದ್ದ ಕಲ್ಲಿನ ಕಟ್ಟಡಕ್ಕೆ ನಸ್ಸಾ ಹಾಲ್ ಎಂದು ಹೆಸರು. 1777ನೆಯ ಜನವರಿ 3ರಂದು ನಡೆದ ಕಾಳಗದಲ್ಲಿ ಅದು ಫಿರಂಗಿಯ ಪೆಟ್ಟನ್ನು ತಿಂದಿತು. 1802ರಲ್ಲಿ ಒಮ್ಮೆ, 1855ರಲ್ಲಿ ಇನ್ನೊಮ್ಮೆ ಬೆಂಕಿಗೆ ತುತ್ತಾಯಿತು. ಆದರೂ ಇಂದಿಗೂ ನಿಂತಿದೆ. ಅದರ ಬಾಗಿಲನ್ನು ದಾಟಿ ಒಳಹೊಕ್ಕೊಡನೆ ಅಮೃತಶಿಲೆಯ ಗೋಡೆಗಳಿಂದ ಕೂಡಿದ ಒಂದು ಮೊಗಸಾಲೆಯುಂಟು. ಅಮೆರಿಕದ ಸ್ವಾತಂತ್ರ್ಯಯುದ್ಧದಿಂದ ಮೊದಲ್ಗೊಂಡು ಒಂದೊಂದು ಯುದ್ಧದಲ್ಲಿಯೂ ಮಡಿದ ಈ ವಿದ್ಯಾಪೀಠದವರ ಹೆಸರುಗಳನ್ನು ಆ ಗೋಡೆಗಳ ಮೇಲೆ ಕೆತ್ತಿರುವರು.

ಆ ಪಟ್ಟಿಗಳಲ್ಲೊಂದು 1861ರಿಂದ 1865ರ ವರೆಗೆ ನಡೆದ ಅಂತರ್ಯುದ್ಧದ್ದು. ಅದರಲ್ಲಿ ಎಪ್ಪತ್ತು ಹೆಸರುಗಳಿವೆ. ಈ ಎಪ್ಪತ್ತು ಮಂದಿಯಲ್ಲಿ ಉತ್ತರದ ಒಕ್ಕೂಟಕ್ಕಾಗಿ ಸತ್ತವರು ಯಾರು, ಒಕ್ಕೂಟವನ್ನು ಮುರಿಯಹೊರಟ ದಕ್ಷಿಣದವರ ಸೇನೆಯಲ್ಲಿ ಸತ್ತವರು ಯಾರು ಎಂಬುದನ್ನು ಗೋಡೆಯು ಹೇಳುವುದಿಲ್ಲ. ಕೆತ್ತಿದವನು ಮರೆತು ಬಿಟ್ಟದ್ದಲ್ಲ ಅದು, ಬೇಕೆಂದೇ ಬಿಟ್ಟದ್ದು. ಹೀಗೆ ಪಕ್ಷವನ್ನು ಹೇಳದೆ ಹೆಸರನ್ನು ಮಾತ್ರ ಉಳಿಸುವ ಪದ್ಧತಿಯು ಎಲ್ಲಿಂದ ಬಂದಿತು, ಅದರಿಂದ ಉಳಿದದ್ದೇನು, ಮರೆಯಾದದ್ದೇನು ಎಂಬುದು ವಿಚಾರಾರ್ಹವಾದ ಸಂಗತಿ.

ಅಮೆರಿಕದ ಹಳೆಯ ಕಾಲೇಜುಗಳಲ್ಲಿ ಮೃತರ ಸ್ಮರಣೆಯು ಕಲ್ಲಿನ ಮೇಲೆ ಮೊದಲಾಗಲಿಲ್ಲ. ಕಾಗದದ ಮೇಲೆ ಮೊದಲಾಯಿತು. ಹಾರ್ವರ್ಡ್, ಯೇಲ್ ಮೊದಲಾದ ಕಾಲೇಜುಗಳು ತಮ್ಮಲ್ಲಿ ಪದವಿ ಪಡೆದವರೆಲ್ಲರ ಹೆಸರುಗಳನ್ನು ವರ್ಷಾನುಕ್ರಮದಲ್ಲಿ ಜೋಡಿಸಿ, ಕೆಲವು ವರ್ಷಗಳಿಗೊಮ್ಮೆ ಲ್ಯಾಟಿನ್ ಭಾಷೆಯಲ್ಲಿ ಅಚ್ಚುಹಾಕಿಸುತ್ತಿದ್ದುವು. ಗತಿಸಿದವನ ಹೆಸರಿನ ಮುಂದೆ ಒಂದು ನಕ್ಷತ್ರಚಿಹ್ನೆ. ಅಂಥವರಿಗೆ ನಕ್ಷತ್ರಧಾರಿಗಳೆಂದೇ ಹೆಸರು. ಸತ್ತವನು ಸಂಸ್ಥಾನಾಧಿಪತಿಯೇ ಆಗಿರಲಿ, ಸಾಲದಲ್ಲಿ ಮುಳುಗಿದವನೇ ಆಗಿರಲಿ, ಚಿಹ್ನೆ ಒಂದೇ. ಪ್ರತಿಯೊಂದು ಮುದ್ರಣದಲ್ಲಿಯೂ ನಕ್ಷತ್ರಗಳು ಪುಟದ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುವುವು. ಕಡೆಗೆ ಒಂದು ವರ್ಷದವರೆಲ್ಲರೂ ನಕ್ಷತ್ರಧಾರಿಗಳಾಗುವರು. ಗುಣದೋಷಗಳನ್ನು ತೂಗದ ಸ್ಮರಣೆ ಇದು. ವಿದ್ಯಾಪೀಠವು ತನ್ನ ಮಕ್ಕಳನ್ನು ಎಣಿಸುವಾಗ ಬದುಕಿರುವವರು, ಇಲ್ಲದವರು ಎಂಬ ಒಂದೇ ಭೇದವನ್ನು ಅದು ಎಣಿಕೆಗೆ ತಂದುಕೊಳ್ಳುತ್ತಿತ್ತು.

ಪ್ರಿನ್ಸ್‌ಟನ್ನಿನಲ್ಲಿ ಈ ಎಣಿಕೆಗೆ ಇನ್ನೊಂದು ಆಧಾರವೂ ಇತ್ತು. ಅಲ್ಲಿನ ಪೂರ್ವವಿದ್ಯಾರ್ಥಿಗಳ ಸಂಘವು 1826ರಷ್ಟು ಹಿಂದೆಯೇ ಏರ್ಪಟ್ಟಿತು. ಅದರ ಮೊದಲನೆಯ ಅಧ್ಯಕ್ಷರು 1771ರಲ್ಲಿ ಅಲ್ಲಿ ಪದವಿ ಪಡೆದು, ಮುಂದೆ ದೇಶದ ನಾಲ್ಕನೆಯ ರಾಷ್ಟ್ರಾಧ್ಯಕ್ಷರಾಗಿದ್ದ ಜೇಮ್ಸ್ ಮ್ಯಾಡಿಸನ್ನರು. ಒಂದೇ ವರ್ಷದಲ್ಲಿ ಪದವಿ ಪಡೆದವರೆಲ್ಲ ಒಂದು ವರ್ಗ. ಆ ವರ್ಗಕ್ಕೆ ವರ್ಷವೇ ಹೆಸರು. ನಮ್ಮ ಕಡೆ ಗೋತ್ರವನ್ನು ಕೇಳುವ ಹಾಗೆ ಅಲ್ಲಿ ವರ್ಷವನ್ನು ಕೇಳುವರು ಎಂದರೆ ಅತಿಶಯೋಕ್ತಿಯಾಗಲಾರದು. ಮಡಿದವನೊಬ್ಬನನ್ನು ನೆನೆಯತಕ್ಕ ಮೊದಲ ಹೊಣೆಯು ಅವನ ವರ್ಗದವರದು ಎಂಬ ಭಾವನೆಯು ಈ ಏರ್ಪಾಟಿನಿಂದ ಬೆಳೆಯಿತು.

ಈ ವರ್ಗಗಳನ್ನು ಅಂತರ್ಯುದ್ಧವು ನಡುವೆ ಸೀಳಿತು. ನ್ಯೂ ಜೆರ್ಸಿಯು ಉತ್ತರದ ಸಂಸ್ಥಾನವೇ ಆಗಿದ್ದರೂ ಕಾಲೇಜಿಗೆ ದಕ್ಷಿಣದ ಸಂಬಂಧವು ಬಲವಾಗಿತ್ತು. ಸ್ಥಾಪನೆಯಿಂದ ಅಂತರ್ಯುದ್ಧದ ವರೆಗೆ ಅಲ್ಲಿ ಓದಿದವರಲ್ಲಿ ಐದರಲ್ಲಿ ಸುಮಾರು ಎರಡು ಪಾಲು ಗುಲಾಮಗಿರಿಯು ನಡೆಯುತ್ತಿದ್ದ ಸಂಸ್ಥಾನಗಳಿಂದ ಬಂದವರು. 1861ರ ವಸಂತದಲ್ಲಿ ಯುದ್ಧವು ಮೊದಲಾದಾಗ ದಕ್ಷಿಣದ ಹುಡುಗರು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟರು. ಒಂದೇ ಕೊಠಡಿಯಲ್ಲಿ ಮಲಗಿ ಒಂದೇ ಪಾಠವನ್ನು ಒಪ್ಪಿಸುತ್ತಿದ್ದವರು ಎದುರುಬದುರಾದ ಸೇನೆಗಳನ್ನು ಸೇರಿದರು. ಆಗ ಅಧ್ಯಕ್ಷರಾಗಿದ್ದ ಜಾನ್ ಮೆಕ್ಲೀನರು ಯುದ್ಧವು ಮುಗಿದು ಮೂರು ವರ್ಷಗಳಾಗುವ ವರೆಗೆ, ಎಂದರೆ 1868ರ ವರೆಗೆ, ಅದೇ ಪೀಠದಲ್ಲಿದ್ದರು. ಆ ಯುದ್ಧದಲ್ಲಿ ಒಟ್ಟು ಸತ್ತವರನ್ನು ಆರು ಲಕ್ಷದಿಂದ ಏಳೂವರೆ ಲಕ್ಷದ ವರೆಗೆ ಚರಿತ್ರಕಾರರು ಲೆಕ್ಕ ಹಾಕಿರುವರು. ಅದರಲ್ಲಿ ಎಪ್ಪತ್ತು ಬಹಳ ಸಣ್ಣ ಸಂಖ್ಯೆ. ಆದರೆ ಕೆಲವು ನೂರು ವಿದ್ಯಾರ್ಥಿಗಳಿದ್ದ ಕಾಲೇಜಿಗೆ ಸಣ್ಣದಲ್ಲ.

ಮಡಿದವರನ್ನು ಹೇಗೆ ನೆನೆಯಬೇಕೆಂಬ ಪ್ರಶ್ನೆಯು ಪ್ರಿನ್ಸ್‌ಟನ್ನಿಗೆ ಮಾತ್ರ ಬಂದದ್ದಲ್ಲ. ಅದಕ್ಕೆ ಮೊದಲು ಉತ್ತರ ಕೊಟ್ಟದ್ದು ಹಾರ್ವರ್ಡ್. ಅಲ್ಲಿನ ಮೃತರ ಚರಿತ್ರೆಗಳನ್ನು ಟಾಮಸ್ ವೆಂಟ್‌ವರ್ತ್ ಹಿಗ್ಗಿನ್‌ಸನ್ನರು 1866ರಲ್ಲಿಯೇ ಎರಡು ಸಂಪುಟಗಳಲ್ಲಿ ಸಂಪಾದಿಸಿ ಪ್ರಕಟಿಸಿದರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರ ದಳವೊಂದಕ್ಕೆ ಯುದ್ಧದಲ್ಲಿ ನಾಯಕರಾಗಿದ್ದವರು ಅವರು. ತರುವಾಯ ಪೂರ್ವವಿದ್ಯಾರ್ಥಿಗಳ ಹಣದಿಂದ ಸ್ಮಾರಕಭವನವೊಂದು ಎದ್ದಿತು. 1870ರಲ್ಲಿ ಅದಕ್ಕೆ ಅಸ್ತಿಭಾರವನ್ನಿಟ್ಟರು. ಅದರ ನಡುಹಾದಿಯ ಬಿಳಿಯ ಶಿಲಾಫಲಕಗಳ ಮೇಲೆ 136 ಹೆಸರುಗಳು. ಅವರೆಲ್ಲರೂ ಒಕ್ಕೂಟದ ಪಕ್ಷದವರು. ದಕ್ಷಿಣದ ಸೇನೆಯಲ್ಲಿ ಸತ್ತ ಹಾರ್ವರ್ಡಿನವರು ಹಲವರಿದ್ದರೂ ಒಬ್ಬರ ಹೆಸರೂ ಅಲ್ಲಿಲ್ಲ. ಇದನ್ನು ಸಂಕುಚಿತ ಬುದ್ಧಿಯೆಂದು ನಿಂದಿಸಿದವರುಂಟು. ಆದರೆ ಆ 136 ಹೆಸರುಗಳಲ್ಲಿ ರಾಬರ್ಟ್ ಗೌಲ್ಡ್ ಷಾ ಎಂಬಾತನದೂ ಒಂದು. ಮ್ಯಾಸಚೂಸೆಟ್ಸಿನ 54ನೆಯ ದಳವೆಂಬ ಕರಿಯ ಸೈನಿಕರ ಪಡೆಯನ್ನು ನಡೆಸಿ, 1863ನೆಯ ಜುಲೈ 18ರಂದು ವ್ಯಾಗ್ನರ್ ಕೋಟೆಯ ಮೇಲಿನ ಲಗ್ಗೆಯಲ್ಲಿ ಆತನು ಬಿದ್ದನು. ವೈರಿಗಳು ಅವನನ್ನು ಅವನ ಸೈನಿಕರೊಡನೆಯೇ ಒಂದು ಹಳ್ಳದಲ್ಲಿ ಹೂಳಿದರು. ಅಂಥವನ ಹೆಸರಿನ ಪಕ್ಕದಲ್ಲಿ ಆ ಕೋಟೆಯ ಕಡೆಯವನ ಹೆಸರನ್ನು ಬರೆಯಿಸುವುದು ಆ ತಲೆಮಾರಿನವರಿಗೆ ಸಾಧ್ಯವಾಗಲಿಲ್ಲವೆಂದರೆ ಆಶ್ಚರ್ಯವೇನು? ಅವರ ದೃಷ್ಟಿಯಲ್ಲಿ ಸ್ಮಾರಕವು ಮನುಷ್ಯನಿಗೆ ಮಾತ್ರವಲ್ಲ, ಅವನು ಯಾವುದಕ್ಕಾಗಿ ಸತ್ತನೋ ಅದಕ್ಕೂ ಸಲ್ಲತಕ್ಕದ್ದು. ಇದರಲ್ಲಿ ಒಂದು ವಿಚಿತ್ರವೂ ಇದೆ. ಮೊದಲನೆಯ ಮಹಾಯುದ್ಧದ ಮೃತರಿಗಾಗಿ 1932ರಲ್ಲಿ ಹಾರ್ವರ್ಡ್ ಕಟ್ಟಿಸಿದ ಸ್ಮಾರಕ ಚರ್ಚಿನಲ್ಲಿ, ಜರ್ಮನಿಯ ಪಕ್ಷದಲ್ಲಿ ಸತ್ತ ನಾಲ್ವರಿಗೆ ಲ್ಯಾಟಿನ್ನಿನಲ್ಲಿ ಬೇರೊಂದು ಫಲಕವುಂಟು. ಕಡಲಾಚೆಯ ವೈರಿಗೆ ದೊರೆತ ಸ್ಥಳವು ನೆರೆಸಂಸ್ಥಾನದ ವೈರಿಗೆ ದೊರೆಯಲಿಲ್ಲ.

ಯೇಲ್ ವಿಶ್ವವಿದ್ಯಾನಿಲಯವು ಐವತ್ತು ವರ್ಷ ತಡೆದು, 1915ರಲ್ಲಿ ತನ್ನ ಸ್ಮಾರಕವನ್ನು ಸಮರ್ಪಿಸಿತು. ಅಲ್ಲಿ ಎರಡು ಪಕ್ಷಗಳವರ ಹೆಸರುಗಳೂ ಇವೆ. ಯಾರು ಯಾವ ಸೇನೆಯವರೆಂಬುದನ್ನೂ ಮುಚ್ಚಿಲ್ಲ.

ಪ್ರಿನ್ಸ್‌ಟನ್ನಿನ ಗೋಡೆಯು ಮೊದಲನೆಯ ಮಹಾಯುದ್ಧದ ತರುವಾಯದ್ದು. 1912ರಿಂದ 1932ರ ವರೆಗೆ ಅಧ್ಯಕ್ಷರಾಗಿದ್ದ ಜಾನ್ ಗ್ರಿಯರ್ ಹಿಬ್ಬೆನ್ನರ ಕಾಲದಲ್ಲಿ ನಸ್ಸಾ ಹಾಲಿನ ಮೊಗಸಾಲೆಯನ್ನು ಸ್ಮಾರಕವಾಗಿ ಮಾರ್ಪಡಿಸಿದರು. ಆ ಕಾಲದ ದೇಶದ ಮನೋಭಾವವನ್ನು ಗಮನಿಸಬೇಕು. 1913ರ ಜುಲೈಯಲ್ಲಿ ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಕಾಳಗದ ಐವತ್ತನೆಯ ವರ್ಷದ ಉತ್ಸವವು ನಡೆದು, ಎರಡು ಪಕ್ಷಗಳ ಮುದುಕರೂ ಕೈಕುಲುಕಿದರು. ಅಲ್ಲಿ ಭಾಷಣ ಮಾಡಿದ ರಾಷ್ಟ್ರಾಧ್ಯಕ್ಷ ವುಡ್ರೋ ವಿಲ್ಸನ್ನರು ಹುಟ್ಟಿನಿಂದ ದಕ್ಷಿಣದವರು. 1879ರ ವರ್ಗದ ಪ್ರಿನ್ಸ್‌ಟನ್ ಪದವೀಧರರು. ಹಿಬ್ಬೆನ್ನರಿಗಿಂತ ಮೊದಲು ಅದೇ ವಿದ್ಯಾಪೀಠದ ಅಧ್ಯಕ್ಷರಾಗಿದ್ದವರು. ಜಗಳವನ್ನು ಮರೆತು ಶೌರ್ಯವನ್ನು ಮಾತ್ರ ನೆನೆಯುವುದೇ ಆ ದಿನಗಳ ದೇಶಭಕ್ತಿಯಾಗಿತ್ತು. ಅದಕ್ಕೆ ತಕ್ಕಂತೆ ಪ್ರಿನ್ಸ್‌ಟನ್ ಒಂದು ಹೆಜ್ಜೆ ಮುಂದಕ್ಕೆ ಹೋಗಿ ಪಕ್ಷದ ಸುಳಿವನ್ನೇ ಅಳಿಸಿತು. ಹಳೆಯ ಪಟ್ಟಿಯ ನಕ್ಷತ್ರಚಿಹ್ನೆಯ ನೀತಿಯೇ ಇಲ್ಲಿ ಕಲ್ಲಿಗೆ ಇಳಿದಂತಾಯಿತು.

ವೀರಗಲ್ಲುಗಳನ್ನು ಓದಿ ಬಲ್ಲವರಿಗೆ ಈ ಪದ್ಧತಿಯು ಅಪರಿಚಿತವಾಗಿ ತೋರುವುದು. ನಮ್ಮ ನಾಡಿನ ವೀರಗಲ್ಲಿನ ಶಾಸನದಲ್ಲಿ ಆಳುತ್ತಿದ್ದ ಅರಸನಾರು, ಹೋರಾಟವು ತುರುಗೋಳೋ ಊರಳಿವೋ, ಸತ್ತವನು ಯಾರ ಮಗ, ಯಾರ ಆಳು ಎಂಬುದೇ ಮುಖ್ಯ. ಒಮ್ಮೊಮ್ಮೆ ಹೆಸರು ಸವೆದುಹೋಗಿ ಸಂದರ್ಭವು ಮಾತ್ರ ಉಳಿದಿರುವುದೂ ಉಂಟು. ನಸ್ಸಾ ಹಾಲಿನಲ್ಲಿ ಇದರ ವಿಪರ್ಯಯ. ಅಲ್ಲಿ ಹೆಸರಿದೆ, ಸಂದರ್ಭವಿಲ್ಲ.

ತಾಯಿಗೆ ಇಬ್ಬರು ಮಕ್ಕಳೂ ಒಂದೇ ಎಂಬ ನ್ಯಾಯದಿಂದ ಇದನ್ನು ಸಮರ್ಥಿಸಬಹುದು. ಒಂದು ವರ್ಗದ ಸ್ನೇಹಿತರಿಗೆ, ಅದರಲ್ಲಿಯೂ ಮಗನನ್ನು ಕಳೆದುಕೊಂಡ ಮನೆಯವರಿಗೆ, ಅದರಿಂದ ಸಮಾಧಾನವಾದದ್ದೂ ನಿಜವೇ ಇರಬೇಕು. ಆದರೆ ಈ ಸಮಾನತೆಯು ಯಾರ ಮಟ್ಟಿಗೆ ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ಈ ಕಾಲೇಜಿನ ಮೊದಲನೆಯ ಒಂಬತ್ತು ಮಂದಿ ಅಧ್ಯಕ್ಷರೂ ತಮ್ಮ ಜೀವಮಾನದಲ್ಲಿ ಒಂದಲ್ಲ ಒಂದು ಕಾಲದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರು. ಅವರಲ್ಲೊಬ್ಬರಾದ ಸ್ಯಾಮ್ಯುಅಲ್ ಫಿನ್ಲಿಯವರು 1766ರಲ್ಲಿ ತೀರಿಕೊಂಡಾಗ, ಅವರ ಆಸ್ತಿಯೊಡನೆ ಆರು ಮಂದಿ ಗುಲಾಮರನ್ನು ಅಧ್ಯಕ್ಷರ ಮನೆಯಲ್ಲಿ ಮಾರುವುದಾಗಿ ಜಾಹೀರಾತು ಹೊರಟಿತು. ಗೋಡೆಯು ಸಿದ್ಧವಾದ ಕಾಲದಲ್ಲಿ ಕರಿಯ ಹುಡುಗರಿಗೆ ಪ್ರಿನ್ಸ್‌ಟನ್ನಿನ ಪದವಿತರಗತಿಗಳಲ್ಲಿ ಪ್ರವೇಶವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನೌಕಾಸೇನೆಯು ತನ್ನ ಶಿಕ್ಷಣಕ್ಕಾಗಿ ಕಳುಹಿಸಿದವರ ಜೊತೆಯಲ್ಲಿ ಕೆಲವರು ಬಂದುದರಿಂದ ಆ ಬಾಗಿಲು ತೆರೆಯಿತು; ಅವರಲ್ಲಿ ಮೊದಲು ಪದವಿ ಪಡೆದವರು ಜಾನ್ ಹವರ್ಡ್, 1947ರಲ್ಲಿ. ಪದವಿತರಗತಿಗಳಿಗೆ ಹೆಣ್ಣುಮಕ್ಕಳು ಬಂದದ್ದು 1969ರಲ್ಲಿ. ಹೀಗೆ, ಯಾರ ಬಿಡುಗಡೆಯು ಆ ಯುದ್ಧದ ತಿರುಳಾಗಿತ್ತೋ ಆ ಜನರಿಗೆ ಪಟ್ಟಿಯಲ್ಲಿ ಸೇರುವ ಮಾರ್ಗವೇ ಇರಲಿಲ್ಲ. ಅವರನ್ನು ಕಟ್ಟಿಹಾಕುವುದಕ್ಕಾಗಿ ಹೋರಾಡಿದವರಿಗೆ ಇತ್ತು. ಪಕ್ಷವನ್ನು ಹೇಳದ ಗೋಡೆಯು ಇಬ್ಬರು ಬಿಳಿಯ ಸಹಪಾಠಿಗಳ ನಡುವೆ ಸಂಧಿ ಮಾಡಿಸಿತು. ಮೂರನೆಯವನನ್ನು ಆ ಸಂಧಿಗೆ ಕರೆಯಲಿಲ್ಲ. ಹಾರ್ವರ್ಡಿನ ಕಠಿಣವಾದ ಪಟ್ಟಿಯಾಗಲಿ ಯೇಲಿನ ಬಿಚ್ಚುಪಟ್ಟಿಯಾಗಲಿ ಓದುವವನಿಗೆ ಯುದ್ಧವೊಂದು ನಡೆಯಿತೆಂಬುದನ್ನೂ ಅದಕ್ಕೆ ಎರಡು ಪಕ್ಷಗಳಿದ್ದುವೆಂಬುದನ್ನೂ ನೆನಪಿಗೆ ತರುವುವು. ಈ ಅಂಶದಲ್ಲಿ ಮೂರರಲ್ಲಿಯೂ ಯೇಲಿನ ಮಾರ್ಗವೇ ಚರಿತ್ರೆಗೆ ಹೆಚ್ಚು ಪ್ರಾಮಾಣಿಕವಾದುದೆಂದು ಹೇಳಬೇಕಾಗುವುದು.

ಯುದ್ಧವಿಲ್ಲದ ಕಾಲದ ಸಾವುಗಳ ವಿಷಯದಲ್ಲಿ ಪ್ರಿನ್ಸ್‌ಟನ್ನಿನ ನಡವಳಿಕೆಯು ಇಷ್ಟು ತೊಡಕಿನದಲ್ಲ. ಒಂದು ದೃಷ್ಟಿಯಿಂದ ಹೆಚ್ಚು ಹೃದಯಂಗಮವಾದುದು. 1900ನೆಯ ಏಪ್ರಿಲ್‌ನಲ್ಲಿ ಪೂರ್ವವಿದ್ಯಾರ್ಥಿಗಳಿಗಾಗಿ ವಾರಪತ್ರಿಕೆಯೊಂದು ಮೊದಲಾಯಿತು. ವಾರಕ್ಕೊಮ್ಮೆ ಬರುವುದು ನಿಂತು ಬಹುಕಾಲವಾಗಿದ್ದರೂ ಹೆಸರಿನಲ್ಲಿ ವಾರವು ಉಳಿದಿದೆ. ಅದರ ಕೊನೆಯ ಪುಟಗಳಲ್ಲಿ ಗತಿಸಿದವರ ಸಣ್ಣ ಸಣ್ಣ ಚರಿತ್ರೆಗಳು ವರ್ಗಾನುಕ್ರಮವಾಗಿ ಬರುವುವು. ಅವುಗಳನ್ನು ಬರೆಯುವವರು ಪತ್ರಿಕೆಯ ನೌಕರರಲ್ಲ. ಬಹುಮಟ್ಟಿಗೆ ಸತ್ತವರ ಸಹಪಾಠಿಗಳೇ. ಎಲ್ಲಿ ಹುಟ್ಟಿದ, ಏನು ಓದಿದ, ಯಾವ ಆಟವಾಡಿದ, ಏನು ಕೆಲಸ ಮಾಡಿದ, ಯಾರನ್ನು ಅಗಲಿದ ಎಂಬಿಷ್ಟೇ ಅದರ ಸಾಮಗ್ರಿ. ಮಂತ್ರಿಯಾದವನಿಗೂ ಹಳ್ಳಿಯ ಉಪಾಧ್ಯಾಯನಾದವನಿಗೂ ಹೆಚ್ಚುಕಡಮೆ ಅಷ್ಟೇ ಸ್ಥಳ. ವರ್ಗವು ಮುದಿಯಾದಂತೆ ಬರೆಯುವವರು ಕಡಮೆಯಾಗುತ್ತ ಬರೆಯಿಸಿಕೊಳ್ಳುವವರು ಹೆಚ್ಚುವರು. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳು ಸೇರುವ ಉತ್ಸವದಲ್ಲಿ ಎಲ್ಲಕ್ಕಿಂತ ಹಿಂದಿನ ವರ್ಗದಿಂದ ಬಂದ ವೃದ್ಧರಿಗೆ 1923ರ ವರ್ಗದವರ ಹೆಸರಿನ, ಬೆಳ್ಳಿಯ ಹಿಡಿಯುಳ್ಳ ಕೈಗೋಲೊಂದನ್ನು ಹಿಡಿಯುವ ಮರ್ಯಾದೆಯುಂಟು. ಫೆಬ್ರವರಿಯ ಪೂರ್ವವಿದ್ಯಾರ್ಥಿ ದಿನದಂದು, 1928ರಲ್ಲಿ ಸಮರ್ಪಿತವಾದ ಪ್ರಾರ್ಥನಾಮಂದಿರದಲ್ಲಿ, ಹಿಂದಿನ ವರ್ಷ ಗತಿಸಿದವರಿಗಾಗಿ ಸ್ಮರಣಸಭೆಯು ನಡೆಯುವುದು. ಪದವೀಧರರಲ್ಲದೆ ಬೋಧಕರನ್ನೂ ವಿದ್ಯಾಪೀಠದ ಸಿಬ್ಬಂದಿಯವರನ್ನೂ ಅದರಲ್ಲಿ ಸೇರಿಸಿಕೊಳ್ಳುವರು. ವಿದ್ಯಾರ್ಥಿನಿಲಯಗಳ ಕೆಲವು ಕಿಟಕಿಗಳ ಕೆಳಗೆ ಸಣ್ಣ ಕಂಚಿನ ನಕ್ಷತ್ರಗಳನ್ನು ಕೂಡ ಕಾಣಬಹುದು. ಯುದ್ಧಗಳಲ್ಲಿ ಮಡಿದವರು ಒಂದು ಕಾಲಕ್ಕೆ ವಾಸವಾಗಿದ್ದ ಕೊಠಡಿಗಳವು. ಈಗಿನ ಹುಡುಗರು ಅವುಗಳಲ್ಲಿ ಕುಳಿತು ಓದುತ್ತಿರುವರು.

2017ರಲ್ಲಿ ಈ ವಿದ್ಯಾಪೀಠದ ಚರಿತ್ರಾಧ್ಯಾಪಕಿ ಮಾರ್ತಾ ಸ್ಯಾಂಡ್‌ವೈಸರ ನೇತೃತ್ವದಲ್ಲಿ, ಗುಲಾಮಗಿರಿಗೂ ಪ್ರಿನ್ಸ್‌ಟನ್ನಿಗೂ ಇದ್ದ ಸಂಬಂಧವನ್ನು ಕುರಿತ ವಿಸ್ತಾರವಾದ ಸಂಶೋಧನೆಯು ಪ್ರಕಟವಾಯಿತು. ಅಧ್ಯಕ್ಷರ ಹಳೆಯ ಮನೆಯ ಬಳಿ, ಅಲ್ಲಿ ದುಡಿದ ಗುಲಾಮರ ನೆನಪಿಗಾಗಿ ತರುವಾಯ ಒಂದು ಫಲಕವನ್ನು ನಿಲ್ಲಿಸಿದರು. ಆ ಮನೆಗೂ ನಸ್ಸಾ ಹಾಲಿಗೂ ಇರುವ ದೂರವು ಕೆಲವೇ ಮಾರು. ಮೊಗಸಾಲೆಯ ಎಪ್ಪತ್ತು ಹೆಸರುಗಳಲ್ಲಿ ಯಾರದು ಯಾವ ಪಕ್ಷವೆಂಬುದನ್ನು ಅರಿಯಬಯಸುವವರು ಗೋಡೆಯನ್ನು ಬಿಟ್ಟು, ಎರಡು ಸೇನೆಗಳ ಹಾಜರಿ ದಾಖಲೆಗಳಲ್ಲಿ ಒಬ್ಬೊಬ್ಬರನ್ನಾಗಿ ಹುಡುಕಬೇಕು.